ಬಾಟಲಿಯಲ್ಲಿ ಧೈರ್ಯ ಸಿಗುತ್ತದೆಯೇ?

ಕಳೆದ ರಜೆಯಲ್ಲಿ ದುಬೈಯಿಂದ ಬಂದ ಚಿಕ್ಕಮ್ಮ ನನಗೊಂದು ಸೆಂಟಿನ ಬಾಟಲಿ ಕೊಟ್ಟರು. ಗುಲಾಬಿ ಬಣ್ಣದ ಪೆಟ್ಟಿಗೆಯ ಮೇಲೆ ‘ಫ್ರೂಟಿ ಫ್ಲೋರಲ್’ ಎಂದು ಬರೆದಿತ್ತು. ನಗುನಗುತ್ತಾ ಇರುವ, ಯಾರಿಗೂ ಅಂಜದ ಹುಡುಗಿಗೆಂದೇ ಇದನ್ನು ಮಾಡಿದ್ದೇವೆ ಎಂಬ ಮಾತೂ ಅದರ ಕೆಳಗಿತ್ತು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುವವಳು ನಾನು. ಆ ಮಾತು ಓದಿ ಆಸೆಯಾಯಿತು.

ನನ್ನ ಸೆಮಿನಾರ್ ಇದ್ದ ದಿನ ಬೆಳಿಗ್ಗೆ ನಾಲ್ಕು ಸಲ ಒತ್ತಿಕೊಂಡೆ. ಬಸ್ಸಿನಿಂದ ಇಳಿಯುವಾಗ ಪರಿಮಳವೇ ಬರುತ್ತಿಲ್ಲ ಅನ್ನಿಸಿತು. ಮತ್ತೆ ನಾಲ್ಕು ಸಲ ಹಾಕಿಕೊಂಡೆ. ನಾನು ಮಾತು ಶುರು ಮಾಡುವ ಮೊದಲೇ ನನ್ನ ಬೆಂಚಿನ ಗೆಳತಿಗೆ ಕೆಮ್ಮು ಹತ್ತಿತು. ಅವಳಿಗೆ ಆಸ್ತಮಾ ಇದೆ. ಇನ್‌ಹೇಲರ್ ಹಿಡಿದುಕೊಂಡು ಹೊರಗೆ ಹೋದಳು. ಮೇಡಂ ಕಿಟಕಿಗಳನ್ನೆಲ್ಲ ತೆರೆಸಿದರು. ಸಂಜೆ ಅವಳು ಮೆಲ್ಲಗೆ, “ಬೇಜಾರು ಮಾಡ್ಕೋಬೇಡ, ನಿನ್ನ ಸೆಂಟಿನಿಂದಲೇ ಆದದ್ದು” ಎಂದಳು.

ಅಂದಿನಿಂದ ಎರಡು ಪ್ರಶ್ನೆಗಳು ನನ್ನನ್ನು ಬಿಡಲಿಲ್ಲ. ಆ ಬಾಟಲಿಯಲ್ಲಿ ಇರುವುದೇನು? ಅದರಲ್ಲಿ ವ್ಯಕ್ತಿತ್ವ ಎಂಬುದೂ ಇದೆಯೇ?

ಮೊದಲ ಪ್ರಶ್ನೆಗೆ ನಮ್ಮ ರಸಾಯನಶಾಸ್ತ್ರದಲ್ಲೇ ಉತ್ತರವಿದೆ. ಫ್ರೂಟಿ ಫ್ಲೋರಲ್ ಎಂದರೆ ಹಣ್ಣು ಮತ್ತು ಹೂವಿನ ಪರಿಮಳ ಸೇರಿದ್ದು. ಮಲ್ಲಿಗೆ, ಗುಲಾಬಿಯಿಂದ ಪರಿಮಳ ತೆಗೆಯಬಹುದು. ಆದರೆ ಪೇರ್, ಪೀಚ್‌ನಂಥ ಹಣ್ಣುಗಳ ತಿರುಳಿನಿಂದ ಸೆಂಟಿಗೆ ಬೇಕಾಗುವಷ್ಟು ತೈಲ ಸಿಗುವುದಿಲ್ಲ. ಹಾಗಾಗಿ ಹಣ್ಣಿನ ಪರಿಮಳ ಹೆಚ್ಚಾಗಿ ಪ್ರಯೋಗಾಲಯದಲ್ಲೇ ತಯಾರಾಗುತ್ತದೆ. ನಾವು ಓದುವ ಎಸ್ಟರ್‌ಗಳೇ ಇಲ್ಲಿ ಕೆಲಸ ಮಾಡುವುದು. ಐಸೋಅಮೈಲ್ ಅಸಿಟೇಟ್ ಬಾಳೆಹಣ್ಣಿನ ಹಾಗೆ, ಹೆಕ್ಸೈಲ್ ಅಸಿಟೇಟ್ ಪೇರ್ ಹಣ್ಣಿನ ಹಾಗೆ ಪರಿಮಳಿಸುತ್ತದೆ. ಪೀಚ್ ಪರಿಮಳ ಕೊಡುವ ವಸ್ತುವಿಗೆ ವ್ಯಾಪಾರದಲ್ಲಿ ‘ಆಲ್ಡಿಹೈಡ್ ಸಿ-14’ ಎಂಬ ಹೆಸರಿದೆ. ತಮಾಷೆಯೆಂದರೆ ಅದು ಆಲ್ಡಿಹೈಡ್ ಅಲ್ಲ, ಲ್ಯಾಕ್ಟೋನ್. ಅದರಲ್ಲಿರುವ ಇಂಗಾಲದ ಪರಮಾಣುಗಳೂ 14 ಅಲ್ಲ, 11. ಪರೀಕ್ಷೆಯಲ್ಲಿ ನಾವು ಹೀಗೆ ಬರೆದರೆ ಒಂದು ಅಂಕವೂ ಸಿಗದು!

ಈ ವಸ್ತುಗಳನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿರುತ್ತಾರೆ. ಚರ್ಮಕ್ಕೆ ತಗುಲಿದೊಡನೆ ಆಲ್ಕೋಹಾಲ್ ಆರಿಹೋಗುತ್ತದೆ. ಹಗುರವಾದ ಹಣ್ಣಿನ ಅಣುಗಳು ಬೇಗ ಹಾರುತ್ತವೆ, ಆದ್ದರಿಂದ ಮೊದಲು ಮೂಗಿಗೆ ಬರುವುದು ಹಣ್ಣು. ಆಮೇಲೆ ಕೆಲವು ಗಂಟೆ ಹೂವು. ಭಾರವಾದ ಕಸ್ತೂರಿಯಂಥ ಅಣುಗಳು ಬಟ್ಟೆಯಲ್ಲಿ ಮರುದಿನದವರೆಗೂ ಉಳಿಯುತ್ತವೆ. ಆದರೆ ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬಸ್ಸಿನಲ್ಲಿ ನನಗಾದದ್ದು ಅದೇ. ಪರಿಮಳ ಹೋಗಿರಲಿಲ್ಲ. ನನ್ನ ಮೂಗು ಅದನ್ನು ಗಮನಿಸುವುದನ್ನು ನಿಲ್ಲಿಸಿತ್ತು, ಅಷ್ಟೆ.

ಇನ್ನು ವ್ಯಕ್ತಿತ್ವದ ವಿಷಯ. ಈ ಬಗೆಯ ಸೆಂಟುಗಳಲ್ಲಿ ಪ್ರಸಿದ್ಧವಾದದ್ದು ಫ್ರಾನ್ಸಿನ ಡಿಯೋರ್ ಕಂಪನಿಯ ‘ಜಾದೋರ್’. 1999ರಲ್ಲಿ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದವರು ಕ್ಯಾಲಿಸ್ ಬೆಕರ್ ಎಂಬ ಮಹಿಳೆ. ಪೇರ್, ಪೀಚ್‌ನಂಥ ಹಣ್ಣು, ಮಲ್ಲಿಗೆ, ಗುಲಾಬಿ ಎಲ್ಲದರ ಪರಿಮಳ ಅದರಲ್ಲಿದೆ. ಅದರ ಹಿಂದಿನ ಜಾಹೀರಾತುಗಳಲ್ಲಿ ನಟಿ ಷಾರ್ಲಿಜ್ ಥೆರಾನ್ ಬಂಗಾರದ ಬಣ್ಣದ ಉಡುಪಿನಲ್ಲಿ ರಾಣಿಯಂತೆ ನಡೆದು ಬರುತ್ತಿದ್ದರು. ಅದನ್ನು ನೋಡಿದವರಿಗೆ ಆ ಪರಿಮಳವೇ ಗತ್ತಿನದು ಅನ್ನಿಸುತ್ತದೆ. ಆದರೆ ಆ ಗತ್ತು ಬಂದದ್ದು ಚಿತ್ರದಿಂದಲೋ, ಮಲ್ಲಿಗೆಯಿಂದಲೋ?

ಪರೀಕ್ಷಿಸಲು ಮನೆಯ ಜಗಲಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ನನ್ನ ಸೆಂಟನ್ನು ಕಾಗದದ ಚೂರುಗಳಿಗೆ ಹಾಕಿ, ಪೆಟ್ಟಿಗೆ ತೋರಿಸದೆ, ಇದನ್ನು ಹಾಕಿಕೊಳ್ಳುವವರು ಎಂಥವರಿರಬಹುದು ಎಂದು ಮನೆಯವರನ್ನು ಕೇಳಿದೆ. ಉಮ್ಮ, “ಮದುಮಗಳು” ಎಂದರು. ನಮ್ಮ ಕಡೆ ಮದುವೆಯೆಂದರೆ ಮಲ್ಲಿಗೆಯಲ್ಲವೇ! ತಮ್ಮನಿಗೆ ಚೂಯಿಂಗ್ ಗಮ್ ನೆನಪಾಯಿತು. ಅಜ್ಜಿ ಮೂಸಿ ನೋಡಿ, “ಚೆನ್ನಾಗಿದೆ. ಆದರೆ ನಿನ್ನಜ್ಜ ಪೆರ್ನಾಳಿಗೆ ಹಚ್ಚಿಕೊಳ್ಳುತ್ತಿದ್ದ ಅತ್ತರಿನ ಹಾಗಿಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅಂಜದ ಹುಡುಗಿ ಎಂದು ಯಾರೂ ಹೇಳಲಿಲ್ಲ.

ಇದಕ್ಕೂ ಕಾರಣವಿದೆ. ಕಣ್ಣು, ಕಿವಿಗಳ ಸಂದೇಶ ಥಲಾಮಸ್ ಎಂಬ ಭಾಗದ ಮೂಲಕ ಮೆದುಳಿನ ಹೊರಪದರಕ್ಕೆ ತಲುಪುತ್ತದೆ. ವಾಸನೆಯ ಸಂದೇಶ ಅಲ್ಲಿ ನಿಲ್ಲದೆ, ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳ ಕಡೆಗೆ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಪರಿಮಳ ಮೂಸಿದವರಿಗೆ ಸಿಗುವುದು ಹೆಚ್ಚಾಗಿ ಅವರದೇ ನೆನಪು. ಅದನ್ನು ಹಾಕಿಕೊಂಡವರ ಗುಣ ಅದರಿಂದ ತಿಳಿಯುವುದಿಲ್ಲ. ಸೆಂಟ್ ನೋಡಿ ‘ಅವಳು ಹೀಗೆ, ಇವಳು ಹಾಗೆ’ ಎಂದು ನಾವು ಆಡಿಕೊಳ್ಳುತ್ತೇವಲ್ಲ, ಅದು ಎಷ್ಟು ತಪ್ಪೆಂದು ನನಗೆ ಆಗ ತಿಳಿಯಿತು.

ಅಂದು ಅರ್ಧಕ್ಕೆ ನಿಂತ ಸೆಮಿನಾರನ್ನು ಮರುವಾರ ಸೆಂಟ್ ಹಾಕಿಕೊಳ್ಳದೆ ಮುಗಿಸಿದೆ. ಮೊದಲ ಎರಡು ನಿಮಿಷ ದನಿ ನಡುಗಿತು. ಮುಂದಿನ ಬೆಂಚಿನಲ್ಲಿ ಕೂತಿದ್ದ ಗೆಳತಿ ತಲೆಯಾಡಿಸುತ್ತಿದ್ದಳು. ಅದನ್ನು ನೋಡುತ್ತಾ ಮಾತು ತಾನಾಗಿ ಬಂತು.

ಬಾಟಲಿಯನ್ನು ನಾನು ಎಸೆದಿಲ್ಲ. ಮದುವೆ, ಹಬ್ಬಕ್ಕೆ ಒಂದೇ ಸಲ ಒತ್ತಿಕೊಳ್ಳುತ್ತೇನೆ. ನಿಮಗೂ ಇಷ್ಟವಿದ್ದರೆ ಹಾಕಿಕೊಳ್ಳಿ. ಆದರೆ ಸಾಕೋ ಬೇಕೋ ಎಂದು ನಿಮ್ಮ ಮೂಗನ್ನು ಕೇಳಬೇಡಿ, ಪಕ್ಕದಲ್ಲಿರುವವರನ್ನು ಕೇಳಿ. ತರಗತಿಗೆ ಬರುವ ದಿನ ಅದು ಮನೆಯಲ್ಲೇ ಇರಲಿ.