‘ಪುರಾತನರು’: ವಚನಗಳಲ್ಲಿ ಪೂರ್ವಿಕವಾಚಕವೊಂದರ ಅರ್ಥಸ್ವರೂಪ

ಕನ್ನಡದಲ್ಲಿ ಗತಿಸಿದವರನ್ನು ಸೂಚಿಸಲು ಪೂರ್ವಜರು, ಪಿತೃಗಳು, ಹಿರಿಯರು, ಆದ್ಯರು, ಪುರಾತನರು ಮೊದಲಾದ ಪದಗಳಿವೆ. ಇವು ಮೇಲ್ನೋಟಕ್ಕೆ ಪರ್ಯಾಯಗಳಂತೆ ತೋರುತ್ತವೆ. ಆದರೆ ವಚನಗಳ ‘ಪುರಾತನರು’ ಎಂಬುದನ್ನು ‘ಪೂರ್ವಜರು’ ಎಂದು ಅರ್ಥೈಸಿದರೆ, ವಚನಕಾರರು ನಿರಾಕರಿಸಿದ ಅರ್ಥವನ್ನೇ ಅವರ ಮೇಲೆ ಹೇರಿದಂತಾಗುತ್ತದೆ ಎಂಬುದು ನಮ್ಮ ವಾದ.

ಮೊದಲು ಪದರಚನೆಯನ್ನು ಗಮನಿಸೋಣ. ‘ಪೂರ್ವಜ’ದ ಉತ್ತರಪದ ‘ಜ’ವು ಹುಟ್ಟನ್ನು ಹೇಳುತ್ತದೆ; ಸಂಸ್ಕೃತದಲ್ಲಿ ಈ ಪದ ಅಣ್ಣನಿಗೂ ಸಲ್ಲುತ್ತದೆ. ‘ಪಿತೃ’ವಿನ ಮೂಲಾರ್ಥ ತಂದೆ. ‘ಪುರಾತನ’ವಾದರೋ ‘ಪುರಾ’ ಎಂಬ ಅವ್ಯಯಕ್ಕೆ ‘ತನ’ ಪ್ರತ್ಯಯ ಸೇರಿ ಆದದ್ದು. ಅದ್ಯತನ, ಸನಾತನಗಳಲ್ಲಿರುವ ಈ ಪ್ರತ್ಯಯವು ‘ದೊಡ್ಡತನ’ದ ಕನ್ನಡ ‘ತನ’ಕ್ಕಿಂತ ಭಿನ್ನ. ಇಲ್ಲಿರುವುದು ಕಾಲಸೂಚನೆ ಮಾತ್ರ, ಜನ್ಮಸೂಚನೆಯಿಲ್ಲ. ಗುಣವಾಚಕಕ್ಕೆ ಕನ್ನಡದ ‘ಅರು’ ಹತ್ತಿದಾಗ ಅದು ಮನುಷ್ಯವಾಚಕವಾಗುತ್ತದೆ. ‘ಹಿರಿಯರು’ ಎಂಬುದರ ರಚನೆಯೂ ಇಂಥದ್ದೇ. ಹಳಗನ್ನಡದ ‘ಪಿರಿಯ’ ತಮಿಳಿನ ‘ಪೆರಿಯ’ದ ಜ್ಞಾತಿಪದ, ಶಿವಭಕ್ತರ ಚರಿತೆಯನ್ನು ಹೇಳುವ ಶೇಕ್ಕಿಳಾರರ ‘ಪೆರಿಯಪುರಾಣ’ದ ಹೆಸರಿನಲ್ಲಿರುವುದೂ ಅದೇ.

ಬಾಗಲಕೋಟೆಯ ಪರಿಸರದಲ್ಲಿ ಈ ಎರಡೂ ಬಗೆಯ ಪರಿಕಲ್ಪನೆಗಳಿಗೆ ಆಧಾರಗಳು ದೊರೆಯುತ್ತವೆ. ಬಾದಾಮಿಯ ಮೂರನೆಯ ಗುಹೆಯ ಕ್ರಿ.ಶ. 578ರ ಶಾಸನವು ಚಾಲುಕ್ಯರನ್ನು ಮಾನವ್ಯಸಗೋತ್ರದವರು, ಹಾರೀತೀಪುತ್ರರು ಎನ್ನುತ್ತದೆ. ರವಿಕೀರ್ತಿಯ 634ರ ಐಹೊಳೆ ಶಾಸನವು ಅದೇ ವಂಶವನ್ನು ತಲೆಮಾರುಗಳ ಕ್ರಮದಲ್ಲಿ ನಿರೂಪಿಸುತ್ತದೆ. ಇಲ್ಲಿ ಪೂರ್ವಿಕರೆಂದರೆ ಜನ್ಮದಾತರು.

ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನು ಅಂಕಿತವಾಗಿ ಉಳ್ಳ ಬಸವಣ್ಣನ ವಚನಗಳಲ್ಲಿ ಈ ಕ್ರಮ ಮುರಿಯುತ್ತದೆ. ಶೈವ ಪರಂಪರೆಯಲ್ಲಿ ‘ಪುರಾತನರು’ ಮುಖ್ಯವಾಗಿ ತಮಿಳುನಾಡಿನ ಅರವತ್ತುಮೂವರು ಭಕ್ತರು. ಬೇಡನಾದ ಕಣ್ಣಪ್ಪನೂ ಅವರಲ್ಲೊಬ್ಬ. ಕುಲ, ಭಾಷೆ, ನಾಡು ಯಾವುವೂ ಅವರನ್ನು ಕಲ್ಯಾಣದ ಶರಣರಿಗೆ ಸಂಬಂಧಿಸಲಾರವು, ಸಂಬಂಧಿಸುವುದು ಭಕ್ತಿಯೊಂದೇ. ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಬಸವಣ್ಣ ಮಾದಾರ ಚೆನ್ನಯ್ಯನನ್ನು ತನ್ನ ಅಪ್ಪನೆಂದು ಕರೆಯುವುದೂ ಇದೇ ತರ್ಕದ ಮುಂದುವರಿಕೆ. ಅಲ್ಲಿ ಬಂಧುವಾಚಕವನ್ನು ಉಳಿಸಿಕೊಂಡು ಅದರಿಂದ ಜನ್ಮಾರ್ಥವನ್ನು ಕಳಚಲಾಗಿದೆ. ‘ಪುರಾತನರು’ ಎಂಬಲ್ಲಿ ಆ ಅರ್ಥವು ಮೊದಲೇ ಇಲ್ಲ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಆಡುನುಡಿಯ ‘ಹಿರ್ಯಾರು’ ಇವೆರಡರ ನಡುವೆ ನಿಲ್ಲುತ್ತದೆ. ‘ಹಿರ್ಯಾರನ್ನ ಕೇಳು’ ಎಂದರೆ ಬದುಕಿರುವವರು, ‘ಹಿರ್ಯಾರಿಗೆ ಎಡಿ ಹಿಡಿ’ ಎಂದರೆ ಗತಿಸಿದವರು. ಅರ್ಥವನ್ನು ನಿರ್ಣಯಿಸುವುದು ಕ್ರಿಯಾಪದವೇ ಹೊರತು ನಾಮಪದವಲ್ಲ.

ಆದ್ದರಿಂದ ವಚನಗಳ ಅನುವಾದದಲ್ಲಾಗಲಿ ಪದಕೋಶದಲ್ಲಾಗಲಿ ‘ಪುರಾತನರು’ ಎಂಬುದಕ್ಕೆ ಪ್ರತ್ಯೇಕ ಉಲ್ಲೇಖ ಅಗತ್ಯ. ಅದು ರಕ್ತದಿಂದ ಬಂದ ಹಿಂದಿನವರನ್ನಲ್ಲ, ಆಯ್ದುಕೊಂಡ ಹಿಂದಿನವರನ್ನು ಹೆಸರಿಸುತ್ತದೆ.