ಹಳೆಯ ಲಾರಿಗೆ ಹೊಸ ಥರ್ಮೋಸ್ಟಾಟು

ಸಂಸಾರದ ಆಧಾರವು ಯಾವದೆಂದು ಕೇಳಿದರೆ ಒಬ್ಬರು ಗದ್ದೆಯನ್ನು ತೋರಿಸುವರು, ಮತ್ತೊಬ್ಬರು ನೌಕರಿಯನ್ನು ಹೇಳುವರು. ಕಾರವಾರ ಅಂಕೋಲೆಗಳ ನಡುವೆ, ಹೆದ್ದಾರಿಯ ಮಗ್ಗುಲಲ್ಲಿರುವ ಚೆಂಡಿಯಾ, ಅಮದಳ್ಳಿ, ತೋಡೂರುಗಳಂಥ ಗ್ರಾಮಗಳಲ್ಲಿ ಆ ಆಧಾರವು ಅಂಗಳದಲ್ಲಿ ನಿಂತ ಒಂದು ಹಳೆಯ ಡೀಸೆಲ್ ಲಾರಿಯೇ ಆಗಿರಲೂಬಹುದು. ಚಿರೇಕಲ್ಲನ್ನೋ, ಮರಳನ್ನೋ, ಮೀನನ್ನೋ ಹೇರಿಕೊಂಡು ಅದು ಕರಾವಳಿಯಲ್ಲಿ ಓಡಾಡುವದು. ಬಾಡಿಗೆ ದೊರೆತರೆ ಅಂಕೋಲೆಯಿಂದ ಅರಬೈಲು ಘಟ್ಟವನ್ನು ಹತ್ತಿ ಯಲ್ಲಾಪುರ, ಹುಬ್ಬಳ್ಳಿಗಳಿಗೂ ಹೋಗುವದು. ಅದು ನಿಂತಿತೆಂದರೆ ಮಕ್ಕಳ ಶಾಲೆಯ ಶುಲ್ಕವೂ ಸಾಲದ ಕಂತೂ ಒಟ್ಟಿಗೇ ನಿಲ್ಲುವವು. ಆದುದರಿಂದ ಆ ಲಾರಿಯ ಒಂದು ಅಂಗೈಯಗಲದ ಭಾಗದ ವಿಷಯವನ್ನು ಗೃಹಸ್ಥರೆದುರಿನಲ್ಲಿ ವಿವೇಚಿಸುವದು ಅಪ್ರಸ್ತುತವಾಗಲಾರದು.

ಆ ಭಾಗದ ಹೆಸರು ಥರ್ಮೋಸ್ಟಾಟು. ಇಂಜಿನಿನೊಳಗೆ ಡೀಸೆಲ್ ಎಣ್ಣೆಯು ಉರಿಯುವಾಗ ಹುಟ್ಟುವ ಉಷ್ಣದ ಒಂದು ಪಾಲನ್ನು ಅದರ ಸುತ್ತಲೂ ಹರಿಯುವ ನೀರು ಹೀರಿಕೊಳ್ಳುವದು; ಆ ನೀರು ಮುಂಭಾಗದ ರೇಡಿಯೇಟರಿಗೆ ಹೋಗಿ, ಗಾಳಿಗೆ ಆರಿ, ತಿರುಗಿ ಬರುವದು. ಈ ಹಾದಿಯಲ್ಲಿ ಥರ್ಮೋಸ್ಟಾಟು ದ್ವಾರಪಾಲಕನಂತೆ ಕುಳಿತಿರುವದು. ಇಂಜಿನು ತಣ್ಣಗಿರುವಾಗ ಅದು ರೇಡಿಯೇಟರಿನ ಬಾಗಿಲನ್ನು ಮುಚ್ಚಿ, ನೀರು ಒಳದಾರಿಯಿಂದ ಇಂಜಿನಿನಲ್ಲಿಯೇ ಸುತ್ತುವಂತೆ ಮಾಡುವದು. ನೀರು ತಕ್ಕಷ್ಟು ಕಾಯ್ದ ಮೇಲೆ ಬಾಗಿಲನ್ನು ಮೆಲ್ಲಮೆಲ್ಲನೆ ತೆರೆಯುವದು.

ಇದನ್ನು ತೆರೆಯುವ ಶಕ್ತಿಯಾದರೂ ಯಾವದು? ಮೇಣ. ಒಂದು ಚಿಕ್ಕ ಲೋಹದ ಕುಪ್ಪಿಗೆಯಲ್ಲಿ ವಿಶಿಷ್ಟವಾದ ಮೇಣವನ್ನು ತುಂಬಿರುವರು. ಗೊತ್ತಾದ ಉಷ್ಣಮಾನಕ್ಕೆ ಅದು ಕರಗಿ ಉಬ್ಬುವದು. ಉಬ್ಬಿದ ಮೇಣವು ಒಂದು ಕಡ್ಡಿಯನ್ನು ನೂಕಿ, ಸ್ಪ್ರಿಂಗಿನ ಬಲವನ್ನು ಗೆದ್ದು, ಕವಾಟವನ್ನು ಎತ್ತುವದು. ತಂಪಾದೊಡನೆ ಮೇಣವು ಕುಗ್ಗುವದು, ಸ್ಪ್ರಿಂಗು ಬಾಗಿಲನ್ನು ಮುಚ್ಚುವದು. ವಿದ್ಯುತ್ತಿನ ತಂತಿಯಾಗಲಿ, ಚಾಲಕನ ಕೈಯಾಗಲಿ ಇದಕ್ಕೆ ಬೇಕಿಲ್ಲ. ಇಷ್ಟು ಸರಳವಾದುದಾದರೂ ಇದು ಚಿರಂಜೀವಿಯಲ್ಲ. ತುಕ್ಕಿನಿಂದಲೂ ಕಿಟ್ಟದಿಂದಲೂ ಒಂದು ದಿನ ಇದು ತೆರೆದೇ ನಿಲ್ಲುವದು, ಇಲ್ಲವೆ ಮುಚ್ಚಿಯೇ ನಿಲ್ಲುವದು.

ತೆರೆದು ನಿಂತುದನ್ನು ಗುರುತಿಸುವದು ಕಷ್ಟವಲ್ಲ. ಬೆಳಗಿನಲ್ಲಿ ಬಹಳ ದೂರ ಓಡಿಸಿದರೂ ಉಷ್ಣದ ಮುಳ್ಳು ಮೇಲೇರದು. ಇಳಿಜಾರಿನಲ್ಲಿ ಇನ್ನೂ ಕೆಳಗೆ ಬೀಳುವದು. ಇಂಜಿನನ್ನು ಹೂಡಿದ ಗಳಿಗೆಯಿಂದಲೇ ರೇಡಿಯೇಟರಿನ ಮೇಲಣ ರಬ್ಬರು ಕೊಳವೆಯು ನಿಧಾನವಾಗಿ ಬೆಚ್ಚಗಾಗತೊಡಗುವದು. ಮುಚ್ಚಿ ನಿಂತರೆ ಮುಳ್ಳು ಬೇಗನೆ ಕೆಂಪು ಗೆರೆಗೆ ಏರುವದು, ಆದರೆ ಆ ಕೊಳವೆಯು ತಣ್ಣಗೇ ಇರುವದು.

ಇಂಥ ಸಮಯದಲ್ಲಿ ದೊರೆಯುವ ಪುಕ್ಕಟೆ ಸಲಹೆಯು ಒಂದುಂಟು: “ನಮ್ಮ ಉಷ್ಣ ದೇಶದಲ್ಲಿ ಇದೇತಕ್ಕೆ? ತೆಗೆದುಬಿಡಿರಿ.” ಇನ್ನೊಬ್ಬರು, “ತೆಗೆಯುವದು ಬೇಡ, ಕಡಿಮೆ ಡಿಗ್ರಿಯದನ್ನು ಹಾಕಿರಿ, ಘಟ್ಟದಲ್ಲಿ ಇಂಜಿನು ಕಾಯುವದಿಲ್ಲ,” ಎನ್ನುವರು. ಎರಡೂ ಮಾತುಗಳು ಕೇಳಲು ಯುಕ್ತವಾಗಿ ತೋರುವವು, ಎರಡೂ ತಪ್ಪು. ಏಕೆಂದರೆ ಥರ್ಮೋಸ್ಟಾಟು ಇಂಜಿನಿನ ಉಷ್ಣದ ಕೆಳಗಿನ ಮೇರೆಯನ್ನು ಕಾಯುವದೇ ಹೊರತು ಮೇಲಿನ ಮೇರೆಯನ್ನಲ್ಲ. ಪೂರ್ತಿಯಾಗಿ ತೆರೆದ ಮೇಲೆ ಅದರ ಕೆಲಸವು ಮುಗಿಯಿತು. ಭಾರ ಹೊತ್ತ ಲಾರಿಯು ಅರಬೈಲಿನ ತಿರುವುಗಳಲ್ಲಿ ಏದುತ್ತ ಏರುವಾಗ 71 ಡಿಗ್ರಿಯ ಕವಾಟವೂ ತೆರೆದಿರುವದು, 82 ಡಿಗ್ರಿಯದೂ ತೆರೆದಿರುವದು. ಅಲ್ಲಿಂದ ಮುಂದೆ ಇಂಜಿನನ್ನು ತಂಪಾಗಿಡಬೇಕಾದವು ರೇಡಿಯೇಟರು, ಪಂಖ, ನೀರಿನ ಪಂಪು, ಪಂಖದ ಪಟ್ಟಿ ಇವೇ. ಇವು ಕೆಟ್ಟಿದ್ದರೆ ಯಾವ ಥರ್ಮೋಸ್ಟಾಟೂ ಕಾಪಾಡಲಾರದು.

ತೆಗೆದುಹಾಕುವದರಿಂದಾಗುವ ಹಾನಿಯನ್ನು ಈಗ ನೋಡೋಣ. ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಶಾಖದಿಂದಲೇ ಎಣ್ಣೆಯು ಹೊತ್ತಬೇಕು. ಸಿಲಿಂಡರಿನ ಗೋಡೆಯು ತಣ್ಣಗಿದ್ದರೆ ಎಣ್ಣೆಯು ಪೂರ್ತಿಯಾಗಿ ಉರಿಯದೆ ಬಿಳಿಯ ಹೊಗೆಯಾಗಿ ಹೊರಬೀಳುವದು. ಮಿಕ್ಕುದು ಗೋಡೆಯಲ್ಲಿಳಿದು ಕೆಳಗಿನ ಕೀಲೆಣ್ಣೆಯಲ್ಲಿ ಬೆರೆತು ಅದನ್ನು ತೆಳುಮಾಡುವದು. ಉರಿದ ಅನಿಲದೊಳಗಿನ ನೀರಾವಿಯು ತಣ್ಣನೆಯ ಗೋಡೆಯ ಮೇಲೆ ಹನಿಗೂಡಿ, ಗಂಧಕದ ಅಂಶದೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುವದು. 2020ರ ಏಪ್ರಿಲ್ ತಿಂಗಳಿನಿಂದ ನಮ್ಮ ದೇಶದಲ್ಲಿ ಮಾರುವ ಡೀಸೆಲ್ಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ 10 ಭಾಗಗಳನ್ನು ಮೀರಕೂಡದೆಂದು ನಿಯಮವಾಗಿರುವದರಿಂದ ಆಮ್ಲದ ಭಯವು ಮೊದಲಿಗಿಂತ ಕಡಿಮೆಯಾಗಿದೆ, ನಿಜ. ಆದರೆ ನೀರಿನ ಹನಿಯೂ ತೆಳುವಾದ ಕೀಲೆಣ್ಣೆಯೂ ಎಂದಿನಂತೆಯೇ ಇರುವವು. ನಮ್ಮ ಕರಾವಳಿಯ ಮಳೆಗಾಲದ ಬೆಳಗುಗಳನ್ನೂ, ಘಟ್ಟವನ್ನಿಳಿಯುವಾಗ ಎಣ್ಣೆಯೇ ಉರಿಯದೆ ಇಂಜಿನು ತಣಿಯುವ ಬಗೆಯನ್ನೂ ನೆನೆದರೆ, ಉಷ್ಣ ದೇಶವೆಂಬ ವಾದವು ನಿಲ್ಲಲಾರದು.

ಇನ್ನೊಂದು ಸೋಜಿಗವುಂಟು. ಹಲವು ಲಾರಿಗಳ ಥರ್ಮೋಸ್ಟಾಟಿಗೆ ಎರಡು ತಟ್ಟೆಗಳು. ಒಂದು ರೇಡಿಯೇಟರಿನ ಬಾಗಿಲನ್ನು ತೆರೆಯುತ್ತಿರುವಂತೆಯೇ ಇನ್ನೊಂದು ಒಳದಾರಿಯನ್ನು ಮುಚ್ಚುವದು. ಅಂಥ ಇಂಜಿನಿನಿಂದ ಅದನ್ನು ಕಿತ್ತುಹಾಕಿದರೆ ಒಳದಾರಿಯು ಸದಾ ತೆರೆದಿರುವದು. ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಇಂಜಿನಿಗೆ ಮರಳುವದು. ತಂಪಿಗಾಗಿ ಮಾಡಿದ ಉಪಾಯವೇ ಏರಿನಲ್ಲಿ ಇಂಜಿನನ್ನು ಕುದಿಸುವದು!

ಹಾಗಾದರೆ ಹೊಸದನ್ನು ಆರಿಸುವ ಬಗೆ ಹೇಗೆ? ಮೊದಲನೆಯದಾಗಿ, ಲಾರಿಯ ಹೆಸರನ್ನು ನಂಬದೆ ಇಂಜಿನಿನ ಮೇಲಿನ ಸಂಖ್ಯೆಯನ್ನೇ ಬರೆದುಕೊಂಡು ಅಂಗಡಿಗೆ ಹೋಗತಕ್ಕದ್ದು. ಟಾಟಾ ಕಾರಖಾನೆಯವರು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಝ್ ಕಂಪನಿಯ ಸಹಕಾರದಿಂದ ಜಮಶೇದಪುರದಲ್ಲಿ ಲಾರಿಗಳನ್ನು ಕಟ್ಟತೊಡಗಿದರು. 1993ರಲ್ಲಿ ಕಮಿನ್ಸ್ ಕಂಪನಿಯೊಡನೆ ಕೂಡಿ ಬೇರೊಂದು ಇಂಜಿನು ಸಂಸ್ಥೆಯನ್ನು ಸ್ಥಾಪಿಸಿದರು. ಹೀಗೆ ಒಂದೇ ಮನೆತನದ ಲಾರಿಗಳಲ್ಲಿ ಬೇರೆ ಬೇರೆ ವಂಶದ ಇಂಜಿನುಗಳಿರುವವು. ಮೇಲಾಗಿ ಹಳೆಯ ಲಾರಿಯು ಎರಡು ಮೂರು ಕೈಗಳನ್ನು ದಾಟಿ ಬಂದಿದ್ದರೆ ನಡುವೆ ಇಂಜಿನೇ ಬದಲಾಗಿರಬಹುದು.

ಎರಡನೆಯದು, ಉಷ್ಣಮಾನ. ಥರ್ಮೋಸ್ಟಾಟಿನ ಅಂಚಿನಲ್ಲಿಯೋ ಕುಪ್ಪಿಗೆಯ ಮೇಲೆಯೋ ಒಂದು ಅಂಕೆಯನ್ನು ಒತ್ತಿರುವರು. ಅದು ಕವಾಟವು ತೆರೆಯಲು ಆರಂಭಿಸುವ ಉಷ್ಣಮಾನ. ಪೂರ್ತಿಯಾಗಿ ತೆರೆಯಲು ಇನ್ನೂ 10ರಿಂದ 15 ಡಿಗ್ರಿ ಬೇಕು. ಸೆಂಟಿಗ್ರೇಡಿನ 71, 77, 82, 88 ಎಂಬ ಅಂಕೆಗಳು ಸಾಮಾನ್ಯ. ಹಳೆಯ ಭಾಗದ ಮೇಲೆ 160, 170, 180, 190 ಎಂದಿದ್ದರೆ ಅವು ಅವೇ ಉಷ್ಣಮಾನಗಳ ಫ್ಯಾರನ್‌ಹೀಟ್ ರೂಪಗಳು. ಇಂಜಿನು ಮಾಡಿದವರ ಕೈಪಿಡಿಯಲ್ಲಿ ಹೇಳಿರುವ ಅಂಕೆಯನ್ನೇ ಕೊಳ್ಳತಕ್ಕದ್ದು. ಹಿಂದಿನ ಮಾಲಿಕನು ಹಾಕಿಸಿದ ಅಂಕೆಯು ಪ್ರಮಾಣವಲ್ಲ.

ಮೂರನೆಯದು, ಆಕಾರ. ಅಂಚಿನ ವ್ಯಾಸ, ದಪ್ಪ, ಒಟ್ಟು ಎತ್ತರ, ಒಳದಾರಿಯ ತಟ್ಟೆ ಇವೆಲ್ಲವೂ ಹಳೆಯದಕ್ಕೆ ಸರಿಹೊಂದಬೇಕು. ಅಂಚು ಕೂತಿತೆಂದು ಸಮಾಧಾನಪಡಬಾರದು. ಎತ್ತರವು ತುಸು ಕಡಿಮೆಯಾದರೂ ಎರಡನೆಯ ತಟ್ಟೆಯು ಒಳದಾರಿಯನ್ನು ಮುಟ್ಟದು. ಕೆಲವು ದೊಡ್ಡ ಇಂಜಿನುಗಳಲ್ಲಿ ಎರಡು ಥರ್ಮೋಸ್ಟಾಟುಗಳಿರುವವು. ಅವನ್ನು ಜೊತೆಯಾಗಿಯೇ ಬದಲಿಸುವದು ಲೇಸು.

ಹೊಸದನ್ನು ತಂದ ಮೇಲೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಅಡಿಗೆಗೆ ಬಳಸದ ಒಂದು ಪಾತ್ರೆಯಲ್ಲಿ ನೀರು ತುಂಬಿ, ಥರ್ಮೋಸ್ಟಾಟನ್ನು ದಾರದಿಂದ ತೂಗಬಿಡಿರಿ. ಅದು ತಳವನ್ನಾಗಲಿ ಬದಿಯನ್ನಾಗಲಿ ಮುಟ್ಟಬಾರದು. ಜೊತೆಗೆ 100 ಡಿಗ್ರಿಯವರೆಗೆ ಅಳೆಯುವ ಉಷ್ಣಮಾಪಕವನ್ನು ಇಳಿಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತ ನೀರನ್ನು ಕದಡುತ್ತಿರಿ. ಒತ್ತಿದ ಅಂಕೆಯ ಆಸುಪಾಸಿನಲ್ಲಿ ಕವಾಟವು ಬಾಯಿಬಿಡಬೇಕು. ಕುದಿಯುವ ಮೊದಲೇ ಚೆನ್ನಾಗಿ ತೆರೆದಿರಬೇಕು. ತೆಗೆದು ತಣ್ಣೀರಿನಲ್ಲಿಟ್ಟರೆ ಪೂರ್ತಿಯಾಗಿ ಮುಚ್ಚಬೇಕು. ಜ್ವರವನ್ನಳೆಯುವ ಮಾಪಕವು ಇದಕ್ಕೆ ಒದಗದು.

ಜೋಡಿಸುವಾಗ ಮೇಣದ ಕುಪ್ಪಿಗೆಯು ಇಂಜಿನಿನ ಬಿಸಿನೀರಿನ ಕಡೆಗೆ ಇರತಕ್ಕದ್ದು. ಅಂಚಿನಲ್ಲಿ ಗಾಳಿಗಾಗಿ ಚಿಕ್ಕ ರಂಧ್ರವೋ ಅಲುಗುವ ಮೊಳೆಯೋ ಇದ್ದರೆ ಅದು ಮೇಲ್ಭಾಗಕ್ಕೆ ಬರತಕ್ಕದ್ದು. ಇಲ್ಲವಾದರೆ ಒಳಗೆ ಸಿಕ್ಕಿಕೊಂಡ ಗಾಳಿಯು ನೀರಿನ ಹಾದಿಯನ್ನು ಕಟ್ಟುವದು. ಹಳೆಯ ಪಟ್ಟಿಯನ್ನು ಕೆರೆದು ತೆಗೆದು ಹೊಸದನ್ನೇ ಹಾಕಬೇಕು. ಸಮುದ್ರದ ದಡದ ಬಾವಿಗಳಲ್ಲಿ ಕೆಲವು ಉಪ್ಪು. ಅಂಥ ನೀರನ್ನು ರೇಡಿಯೇಟರಿಗೆ ಹೊಯ್ದರೆ ಹೊಸ ಭಾಗಕ್ಕೂ ಬೇಗನೆ ತುಕ್ಕು ಹಿಡಿಯುವದು. ಶುದ್ಧವಾದ ನೀರಿನಲ್ಲಿ ಕೈಪಿಡಿಯು ಹೇಳುವ ಕೂಲೆಂಟನ್ನು ಬೆರೆಸಿ ತುಂಬಿರಿ. ಗೃಹಿಣಿಯರು ಇಲ್ಲಿ ಒಂದು ಮಾತನ್ನು ಮರೆಯಬಾರದು: ಕೂಲೆಂಟಿನಲ್ಲಿರುವ ಗ್ಲೈಕೋಲು ರುಚಿಗೆ ಸಿಹಿ, ಆದರೆ ವಿಷ. ಹಳೆಯದನ್ನು ಅಂಗಳಕ್ಕೆ ಚೆಲ್ಲಬಾರದು. ಉಳಿದುದನ್ನು ಕುಡಿಯುವ ನೀರಿನ ಬಾಟಲಿಯಲ್ಲಿಡಬಾರದು. ಮಕ್ಕಳೂ ದನಕರುಗಳೂ ನಾಯಿಗಳೂ ಅದರಿಂದ ದೂರವಿರಲಿ.

ರೇಡಿಯೇಟರಿನ ಮುಚ್ಚಳವನ್ನೂ ಅಲಕ್ಷಿಸಬಾರದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುವದು. 500 ಮೀಟರಿಗೂ ಮೇಲಿರುವ ಯಲ್ಲಾಪುರದಲ್ಲಿ ಸುಮಾರು 98ಕ್ಕೇ ಕುದಿಯುವದು. ಒಳಗೆ ವಾಯುಭಾರದ ಅರ್ಧದಷ್ಟು ಒತ್ತಡವನ್ನು ಮುಚ್ಚಳವು ಹೆಚ್ಚಾಗಿ ಹಿಡಿದರೆ, ಸಮುದ್ರಮಟ್ಟದಲ್ಲಿ ಅದೇ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದೆ ತಡೆಯುವದು. ಆದುದರಿಂದಲೇ ಏರಿನಲ್ಲಿ ಇಂಜಿನು ಕಾಯ್ದಾಗ ಮುಚ್ಚಳವನ್ನು ತೆರೆಯುವದು ಪ್ರಾಣಾಂತಿಕ. ಒತ್ತಡವು ಇಳಿದೊಡನೆ ನೀರೆಲ್ಲ ಭಗ್ಗನೆ ಕುದಿದು ಮುಖಕ್ಕೆ ಹಾರುವದು. ಲಾರಿಯನ್ನು ಬದಿಗೆ ನಿಲ್ಲಿಸಿ, ಇಂಜಿನು ಆರುವವರೆಗೆ ಕಾಯತಕ್ಕದ್ದು. ಬಿಸಿಯಾದ ಇಂಜಿನಿಗೆ ಹಳ್ಳದ ತಣ್ಣೀರನ್ನು ಹೊಯ್ದರೆ ಎರಕದ ಕಬ್ಬಿಣವು ಸೀಳಬಹುದು.

ಹೊಸ ಥರ್ಮೋಸ್ಟಾಟನ್ನು ಹಾಕಿದ ಮೇಲೆಯೂ ಘಟ್ಟದಲ್ಲಿ ಮುಳ್ಳು ಕೆಂಪಿಗೇರುತ್ತಿದ್ದರೆ ಅದನ್ನು ಬೈದು ಫಲವಿಲ್ಲ. ರೇಡಿಯೇಟರಿನಲ್ಲಿ ಕಿಟ್ಟವೋ ಮಣ್ಣೋ ತುಂಬಿದೆಯೇ, ಪಂಖದ ಪಟ್ಟಿಯು ಸಡಿಲವಾಗಿದೆಯೇ, ಪಂಪು ಸವೆದಿದೆಯೇ, ಹೇರಿದ ಭಾರವು ಮಿತಿಯಲ್ಲಿದೆಯೇ ಎಂಬುದನ್ನು ಕ್ರಮವಾಗಿ ನೋಡತಕ್ಕದ್ದು. ಕೊನೆಯದನ್ನು ಮೊದಲು ನೋಡಿದರೆ ಇನ್ನೂ ಒಳಿತು.

ದೇಹಕ್ಕೆ ಜ್ವರವೂ ಸಲ್ಲದು, ಶೀತವೂ ಸಲ್ಲದು. ಇಂಜಿನಿನ ಸ್ಥಿತಿಯೂ ಅದೇ. ಕೆಲವು ನೂರು ರೂಪಾಯಿಗಳ ಒಂದು ಭಾಗವನ್ನು ಸರಿಯಾಗಿ ಆರಿಸಿ ಹಾಕಿಸುವ ಶ್ರಮವು, ಸವೆದ ಇಂಜಿನನ್ನು ಬಿಚ್ಚಿಸುವ ಸಾವಿರಾರು ರೂಪಾಯಿಗಳ ವೆಚ್ಚದ ಮುಂದೆ ಎಷ್ಟರದು? ಲಾರಿಗೆ ಮುಪ್ಪು ಬಂದಿರಬಹುದು. ಆದರೆ ಮನೆಯ ಒಲೆಯು ಉರಿಯುವದು ಅದರ ದುಡಿಮೆಯಿಂದಲೇ. ದುಡಿಯುವ ಮುದುಕನಿಗೆ ಹೊತ್ತಿಗೆ ಸರಿಯಾಗಿ ಬಿಸಿನೀರು ಕೊಡುವಂತೆ, ಅದಕ್ಕೂ ತಕ್ಕ ಬಿಸಿಯನ್ನು ಒದಗಿಸುವದು ಯಜಮಾನನ ಕರ್ತವ್ಯವಲ್ಲವೇ?