ಮಧುಮೇಹಿ ಮಕ್ಕಳ ತೋಳಿನ ಮೇಲೊಂದು ಪುಟ್ಟ ಕಾವಲು

ಮುಂಬಯಿ: ಕನ್ನಡ ಸಂಘಗಳು ಏರ್ಪಡಿಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ರಕ್ತದ ಸಕ್ಕರೆ ಪರೀಕ್ಷೆಗೆ ಸರದಿಯಲ್ಲಿ ನಿಲ್ಲುವವರು ಹೆಚ್ಚಾಗಿ ನಡುವಯಸ್ಸು ದಾಟಿದವರು. ಆದರೆ ಆ ಸಾಲಿನಲ್ಲಿ ಕಾಣದ, ಶಾಲೆಯ ಚೀಲ ಹೊತ್ತ ಮಧುಮೇಹಿಗಳೂ ಸಮಾಜದಲ್ಲಿದ್ದಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಟೈಪ್ 1 ಮಧುಮೇಹಿಗಳ ಸಂಖ್ಯೆ ಸುಮಾರು 2.29 ಲಕ್ಷ.

ಇದು ಸಿಹಿ ತಿಂದು ಬಂದ ಕಾಯಿಲೆಯಲ್ಲ, ತಂದೆತಾಯಿಯ ತಪ್ಪೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಕೆಲವೇ ವಾರಗಳಲ್ಲಿ ಮಗು ಸೊರಗುವುದು ಇದರ ಲಕ್ಷಣಗಳು. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾತ್ರೆ, ಕಷಾಯ, ಪಥ್ಯ ಯಾವುದೂ ಇನ್ಸುಲಿನ್‌ಗೆ ಬದಲಿಯಾಗದು.

ತಾಯಂದಿರ ನಿದ್ದೆಗೆಟ್ಟ ರಾತ್ರಿಗಳು

ಇನ್ಸುಲಿನ್ ಪ್ರಾಣ ಉಳಿಸುತ್ತದೆ ನಿಜ, ಆದರೆ ತುಸು ಹೆಚ್ಚಾದರೂ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಸಂಜೆ ಮೈದಾನದಲ್ಲಿ ಓಡಾಡಿ ಬಂದ ಮಗುವಿಗೆ ನಡುರಾತ್ರಿ ಸಕ್ಕರೆ ಇಳಿಯುವುದುಂಟು. ಮಲಗುವಾಗ 130 ಇದ್ದ ಅಂಕಿ ಎರಡು ಗಂಟೆಗೆ 55 ಆಗಿದ್ದರೆ, ಗಾಢನಿದ್ದೆಯಲ್ಲಿರುವ ಮಗು ಹೇಳುವುದಾದರೂ ಹೇಗೆ? ಆದ್ದರಿಂದಲೇ ಇಂಥ ಮನೆಗಳಲ್ಲಿ ಅಲಾರಾಂ ಇಟ್ಟುಕೊಂಡು ಎದ್ದು, ಮಲಗಿದ ಮಗುವಿನ ಬೆರಳು ಚುಚ್ಚಿ ನೋಡುವುದು ಅನಿವಾರ್ಯವಾಗಿತ್ತು.

ಈ ಆತಂಕವನ್ನು ಬಹುಮಟ್ಟಿಗೆ ತಗ್ಗಿಸಿರುವುದು ನಿರಂತರ ಗ್ಲುಕೋಸ್ ಮಾಪಕ, ಅಂದರೆ ಸಿಜಿಎಂ. ನಾಣ್ಯದಷ್ಟು ಅಗಲದ ಸೆನ್ಸರನ್ನು ತೋಳಿಗೆ ಅಥವಾ ಹೊಟ್ಟೆಗೆ ಅಂಟಿಸಲಾಗುತ್ತದೆ. ಅದರ ಕೂದಲೆಳೆಯಂಥ ತಂತು ಚರ್ಮದಡಿಯ ದ್ರವದಲ್ಲಿರುವ ಗ್ಲುಕೋಸ್ ಅಳೆದು, ಒಂದರಿಂದ ಐದು ನಿಮಿಷಕ್ಕೊಮ್ಮೆ ಮೊಬೈಲಿಗೆ ಅಂಕಿ ಕಳುಹಿಸುತ್ತದೆ. ಒಂದು ಸೆನ್ಸರ್ ಸಾಮಾನ್ಯವಾಗಿ 10ರಿಂದ 14 ದಿನ ಬಾಳುತ್ತದೆ. ಅಂಕಿಯ ಪಕ್ಕದಲ್ಲೊಂದು ಬಾಣವೂ ಇರುತ್ತದೆ. 90 ಎಂಬ ಅಂಕಿ ನೆಮ್ಮದಿಯದೇ, ಆದರೆ ಪಕ್ಕದ ಬಾಣ ಕೆಳಮುಖವಾಗಿದ್ದರೆ ಕೂಡಲೇ ಎಚ್ಚರಗೊಳ್ಳಬೇಕು. ಸಕ್ಕರೆ 70ಕ್ಕಿಂತ ಇಳಿದರೆ ಗಂಟೆ ಬಾರಿಸುವ, ಕಚೇರಿಯಲ್ಲಿರುವ ತಂದೆಯ ಮೊಬೈಲಿಗೂ ಸುದ್ದಿ ಮುಟ್ಟಿಸುವ ಮಾದರಿಗಳಿವೆ. 2019ರ ಅಂತಾರಾಷ್ಟ್ರೀಯ ಒಮ್ಮತದಂತೆ ದಿನದ ಶೇ. 70ಕ್ಕಿಂತ ಹೆಚ್ಚು ಸಮಯ ಸಕ್ಕರೆ 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗಿರುವ ಸಮಯ ಶೇ. 4 ಮೀರಬಾರದು.

ಧರಿಸಿದರೆ ಮಾತ್ರ ಫಲ

ಅಮೆರಿಕದಲ್ಲಿ 1999ರಲ್ಲಿ ಮಾನ್ಯತೆ ಪಡೆದ ಮೊದಲ ಸಿಜಿಎಂ ಮೂರು ದಿನದ ಅಂಕಿಗಳನ್ನು ಕೂಡಿಟ್ಟುಕೊಳ್ಳುತ್ತಿತ್ತಷ್ಟೆ. ಅವುಗಳನ್ನು ನೋಡುತ್ತಿದ್ದವರು ವೈದ್ಯರು, ಅದೂ ಆಮೇಲೆ. ಅಂಕಿ ಆಗಿಂದಾಗ್ಗೆ ಕಾಣುವಂತಾದ ಬಳಿಕವೂ ಮಕ್ಕಳಿಗೆ ಲಾಭ ತಾನಾಗಿ ಒದಗಲಿಲ್ಲ. 2008ರಲ್ಲಿ ಪ್ರಕಟವಾದ, 322 ಮಂದಿ ಭಾಗವಹಿಸಿದ್ದ ಅಮೆರಿಕದ ಅಧ್ಯಯನದಲ್ಲಿ 25 ದಾಟಿದವರ ಸಕ್ಕರೆ ನಿಯಂತ್ರಣ ಸ್ಪಷ್ಟವಾಗಿ ಸುಧಾರಿಸಿತ್ತು. 8ರಿಂದ 14 ವರ್ಷದ ಮಕ್ಕಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವಾರದಲ್ಲಿ ಆರು ದಿನವಾದರೂ ಸೆನ್ಸರ್ ಧರಿಸಿದವರು ವಯಸ್ಕರಲ್ಲಿ ಶೇ. 83, ಈ ಮಕ್ಕಳಲ್ಲಿ ಶೇ. 50 ಮಾತ್ರ. ಆ ಬಳಿಕ ಸೆನ್ಸರ್ ಚಿಕ್ಕದಾಗಿದೆ, ನಿಖರತೆ ಹೆಚ್ಚಿದೆ. ಆದರೆ ಆ ಪಾಠ ಇಂದಿಗೂ ಸುಳ್ಳಾಗಿಲ್ಲ.

ಯಂತ್ರಕ್ಕೂ ಮಿತಿಗಳಿವೆ. ಚರ್ಮದಡಿಯ ದ್ರವದ ಅಂಕಿ ರಕ್ತದ ಅಂಕಿಗಿಂತ ಕೆಲ ನಿಮಿಷ ಹಿಂದಿರುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಸುಳ್ಳು ಎಚ್ಚರಿಕೆ ಬರಬಹುದು. ಮಗುವಿನ ಸ್ಥಿತಿಗೂ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ಖಚಿತಪಡಿಸಿಕೊಳ್ಳಲೇಬೇಕು. ಚರ್ಮ ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆನ್ನುವ ಗಡಿಯಾರ, ಉಂಗುರಗಳನ್ನು ನಂಬಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ.

ಬಹುದೊಡ್ಡ ತೊಡಕು ಬೆಲೆಯದು. 14 ದಿನದ ಸೆನ್ಸರಾದರೆ ವರ್ಷಕ್ಕೆ 26 ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಇನ್ಸುಲಿನ್, ಸಿರಿಂಜಿನ ಖರ್ಚು ಬೇರೆ. ಬಾಡಿಗೆ ಮನೆಯಲ್ಲಿದ್ದು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸುವವರಿಗೆ ಇದು ಹೊರಲಾರದ ಭಾರ. ಕೈಗೆಟುಕದವರು ಧೃತಿಗೆಡಬೇಕಿಲ್ಲ. ಗ್ಲುಕೋಮೀಟರಿನಿಂದ ದಿನಕ್ಕೆ ಹಲವು ಬಾರಿ ಪರೀಕ್ಷಿಸಿ ಬರೆದಿಟ್ಟುಕೊಳ್ಳುವ ಕ್ರಮ ಇಂದಿಗೂ ಮಾನ್ಯ. ವೈದ್ಯರ ಸಲಹೆಯಂತೆ ಆಗೊಮ್ಮೆ ಈಗೊಮ್ಮೆ ಸೆನ್ಸರ್ ಧರಿಸಿದರೂ ಮಗುವಿನ ಸಕ್ಕರೆಯ ಏರಿಳಿತದ ಜಾಡು ಸಿಗುತ್ತದೆ.

ಸಂಘಗಳು ಮಾಡಬಹುದಾದುದು

ಎಚ್ಚರಿಕೆ ಕೊಡುವುದಷ್ಟೇ ಯಂತ್ರದ ಕೆಲಸ, ಸಕ್ಕರೆ ಕೊಡಬೇಕಾದವರು ಹತ್ತಿರವಿರುವ ಹಿರಿಯರು. ನಾಟಕದ ತಾಲೀಮಿನಲ್ಲೋ ವಿಹಾರಕೂಟದಲ್ಲೋ ಮಗು ಬೆವರಿ, ನಡುಗಿ, ಮಂಕಾದರೆ ಮೊದಲು ಗ್ಲುಕೋಸ್ ಪುಡಿ ಇಲ್ಲವೇ ಸಕ್ಕರೆ ನೀರು ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಬೇಕು. ಇಷ್ಟನ್ನು ಪ್ರತಿ ಸಂಘದ ಇಬ್ಬರು ಕಾರ್ಯಕರ್ತರು ಕಲಿತಿದ್ದರೂ ಪಾಲಕರು ಮಗುವನ್ನು ಧೈರ್ಯದಿಂದ ಕಳುಹಿಸಿಯಾರು. ಪ್ರಸಾದ, ಪಾಯಸ ಬಡಿಸುವಾಗ “ನಿನಗೆ ಬೇಡ” ಎಂದು ಮಗುವನ್ನು ಎಲ್ಲರೆದುರು ಬೇರ್ಪಡಿಸುವುದೂ ಸಲ್ಲ. ಎಷ್ಟು ಬಡಿಸಬೇಕು, ಅದಕ್ಕೆಷ್ಟು ಇನ್ಸುಲಿನ್ ಎಂಬ ಲೆಕ್ಕ ಮನೆಯವರಿಗೆ ಗೊತ್ತಿರುತ್ತದೆ.

ಶಾಲೆಗಳೊಡನೆ ಮಾತಾಡುವುದಕ್ಕೂ ಆಧಾರಗಳಿವೆ. 10 ಮತ್ತು 12ನೇ ತರಗತಿಯ ಟೈಪ್ 1 ಮಧುಮೇಹಿಗಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅನುಮತಿ ನೀಡಿದೆ. ಶಾಲೆಯಲ್ಲಿ ಸಕ್ಕರೆ ಪರೀಕ್ಷೆಗೂ ಇನ್ಸುಲಿನ್‌ಗೂ ಅವಕಾಶವಿರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ.

ನವೆಂಬರ್ 14 ಮಕ್ಕಳ ದಿನಾಚರಣೆ. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬಾಂಟಿಂಗ್ ಜನ್ಮದಿನವೂ ಅದೇ, ಅದಕ್ಕಾಗಿಯೇ ಅಂದು ವಿಶ್ವ ಮಧುಮೇಹ ದಿನ. ರಾಜ್ಯೋತ್ಸವದ ತಿಂಗಳಿನ ಆ ದಿನ ಸಂಘಗಳ ವೇದಿಕೆಯಲ್ಲಿ ಕುಣಿಯುವ ಚಿಣ್ಣರ ನಡುವೆ ತೋಳಿಗೆ ಬಿಳಿ ಬಿಲ್ಲೆ ಅಂಟಿಸಿಕೊಂಡ ಮಗುವೊಂದು ಅಂಜಿಕೆಯಿಲ್ಲದೆ ನಿಲ್ಲುವಂತಾದರೆ, ಒಬ್ಬ ಮಗುವಿಗೆ ಒಂದು ವರ್ಷದ ಸೆನ್ಸರ್ ವೆಚ್ಚವನ್ನು ಒಂದು ಸಂಘ ವಹಿಸಿಕೊಂಡರೆ, ಆ ದಿನಾಚರಣೆ ಸಾರ್ಥಕವಾದೀತು.